ನಿರ್ಯಾಪಕರು: ಅಂತ್ಯಕಾಲದ ಒಡನಾಡಿಗಳ ಚರಿತ್ರೆ

ಕನ್ನಡ ನಾಡಿನ ಶಾಸನ ಮತ್ತು ಸಾಹಿತ್ಯಗಳಲ್ಲಿ ಮರಣದ ವಿಚಾರ ಬಂದಾಗಲೆಲ್ಲ ವಿದ್ವಾಂಸರ ದೃಷ್ಟಿ ಸಹಜವಾಗಿ ಮರಣಿಸಿದವರ ಮೇಲೆಯೇ ನೆಟ್ಟಿದೆ. ವೀರಗಲ್ಲಿನಲ್ಲಿ ಮಡಿದ ವೀರ, ಮಾಸ್ತಿಗಲ್ಲಿನಲ್ಲಿ ಚಿತೆಯೇರಿದ ಸತಿ, ನಿಸಿಧಿಗಲ್ಲಿನಲ್ಲಿ ಸಮಾಧಿಯಿಂದ ಮುಡಿಪಿದ ಮುನಿ ಅಥವಾ ಶ್ರಾವಕಿ ಇವರೇ ಅಧ್ಯಯನದ ಕೇಂದ್ರವಾಗಿದ್ದಾರೆ. ಆದರೆ ವೀರನ ಸಾವು ಒಂದು ಗಳಿಗೆಯದು. ಸಲ್ಲೇಖನದಿಂದ ಮುಡಿಪಿದವರ ಸಾವು ದಿನಗಳ, ಕೆಲವೊಮ್ಮೆ ತಿಂಗಳುಗಳ ಕಾಲ ನಡೆಯುವಂಥದು. ಅಷ್ಟೂ ಕಾಲ ಆ ವ್ಯಕ್ತಿಯ ಪಕ್ಕದಲ್ಲಿ ಇದ್ದವರು ಯಾರು? ನೀರು ತಂದುಕೊಟ್ಟವರು, ಮಗ್ಗುಲು ಬದಲಿಸಿದವರು, ರಾತ್ರಿಯೆಲ್ಲ ಎಚ್ಚರವಿದ್ದವರು, ಬಾಗಿಲಲ್ಲಿ ನಿಂತ ಬಂಧುಗಳನ್ನು ಸಂತೈಸಿದವರು ಯಾರು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಜೈನ ಆರಾಧನಾ ಸಾಹಿತ್ಯದಲ್ಲಿ ನಿರ್ಯಾಪಕರೆಂಬ ಒಂದು ಸಮೂಹ ಎದುರಾಗುತ್ತದೆ. ಇಂದು ಹಾಸ್ಪಿಸ್‌ಗಳಲ್ಲಿ ಗುಣಪಡಿಸಲಾಗದ ರೋಗಿಯ ಮತ್ತು ಅವನ ಮನೆಯವರ ಜೊತೆಗೆ ನಿಲ್ಲುವ ಸಮಾಜಕಾರ್ಯಕರ್ತರ ಕೆಲಸಕ್ಕೆ ಕನ್ನಡ ನಾಡಿನಲ್ಲಿ ಒಂದು ಪೂರ್ವಚರಿತ್ರೆಯನ್ನು ಹುಡುಕುವುದಾದರೆ ಅದು ಆರಂಭವಾಗುವುದು ಇವರಿಂದಲೇ.

ಕೆರಗೋಡು ಮಂಡ್ಯ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಕಬ್ಬು, ಭತ್ತ, ರಾಗಿಯ ಈ ಸೀಮೆಯ ಸುತ್ತಮುತ್ತ ಜೈನ ಪರಂಪರೆಯ ಹಳೆಯ ನೆಲೆಗಳು ಹರಡಿಕೊಂಡಿವೆ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರು ಗಂಗರ ಕಾಲದಿಂದಲೂ ತೀರ್ಥವಾಗಿದ್ದು, ಕನಕಗಿರಿ ಎಂಬ ಹೆಸರಿನಿಂದ ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತಲಕಾಡಿನ ವಿಜಯದ ತರುವಾಯ ತಿಪ್ಪೂರನ್ನು ಪಡೆದು ಮೇಘಚಂದ್ರ ಸಿದ್ಧಾಂತದೇವರಿಗೆ ದತ್ತಿಯಾಗಿ ಬಿಟ್ಟನು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿ ಗಂಗ ವಾಸ್ತುವಿನ ಶ್ರೇಷ್ಠ ಮಾದರಿಗಳಲ್ಲೊಂದು. ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲೇ ಶ್ರವಣಬೆಳಗೊಳ. ಹೀಗಾಗಿ ಕೆರಗೋಡಿನ ಸೀಮೆಯನ್ನು ಕಟವಪ್ರ, ಎಂದರೆ ಕಳ್ಬಪ್ಪು ಬೆಟ್ಟದ ನೆರೆಸೀಮೆಯೆಂದೇ ತಿಳಿಯಬಹುದು.

ಈ ಪ್ರದೇಶದ ಸ್ಮಾರಕ ಸಂಸ್ಕೃತಿಯೂ ವಿಶಿಷ್ಟವಾದುದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ನಡುಭಾಗದ ಪ್ರಸಿದ್ಧ ಶಾಸನ, ಗಂಗ ಬೂತುಗನ ಸೇವಕ ಮಣಲೆರನು ತನ್ನ ಕಾಳಿ ಎಂಬ ನಾಯಿಗಾಗಿ ನಿಲ್ಲಿಸಿದ ಕಲ್ಲು. ಹಂದಿಯೊಡನೆ ಹೋರಾಡಿ ಸತ್ತ ನಾಯಿಯ ನೆನಪಿಗೆ ಭೂಮಿಯನ್ನು ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಬೇಕೆಂಬ ಕಟ್ಟಳೆಯನ್ನೂ ಮಾಡಲಾಯಿತು. ಸಂಗಾತಿಯಾಗಿ ನಿಂತ ಜೀವವನ್ನು ಮರೆಯಬಾರದೆಂಬ ಭಾವನೆ ಈ ನೆಲದಲ್ಲಿ ಎಷ್ಟು ಆಳವಾಗಿತ್ತೆಂಬುದಕ್ಕೆ ಇದು ಸಾಕ್ಷಿ. ಆದರೂ ಸಾಯುವವರ ಸಂಗಾತಿಗಳ ಹೆಸರು ಕಲ್ಲಿನ ಮೇಲೆ ಮೂಡಿದುದು ವಿರಳ.

ಕಲ್ಲು ಹೇಳುವುದು, ಹೇಳದಿರುವುದು

ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಮೊದಲು ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ ಅದನ್ನು ವಿಸ್ತರಿಸಿದರು. 1973ರ ಪರಿಷ್ಕೃತ ಆವೃತ್ತಿಯಲ್ಲಿ ಶಾಸನಗಳ ಸಂಖ್ಯೆ 573ಕ್ಕೆ ಏರಿತು. ಚಿಕ್ಕಬೆಟ್ಟದ ಪ್ರಾಚೀನ ಶಾಸನಗಳಲ್ಲಿ ಬಹುಪಾಲು ಸಮಾಧಿಮರಣವನ್ನು ಕುರಿತವು. ಈ ಸಾಮಗ್ರಿಯನ್ನು ಆಧರಿಸಿ ಷ. ಶೆಟ್ಟರ್ ನಡೆಸಿದ ಅಧ್ಯಯನಗಳು ಮರಣದ ಇತಿಹಾಸವನ್ನೇ ಒಂದು ಸ್ವತಂತ್ರ ಅಧ್ಯಯನ ಕ್ಷೇತ್ರವಾಗಿ ಬೆಳೆಸಿದವು.

ಏಳನೆಯ ಶತಮಾನಕ್ಕೆ ಸೇರುವ ಒಂದು ಕಿರುಶಾಸನ ನಾಗಮತಿ ಗಂತಿಯರ್ ಎಂಬ ಸಂನ್ಯಾಸಿನಿಯನ್ನು ಕುರಿತುದು. ಚಿತ್ತೂರಿನ ಮೌನಿಗುರುವಿನ ಶಿಷ್ಯೆಯಾದ ಆಕೆ ಮೂರು ತಿಂಗಳು ನೋಂತು ಮುಡಿಪಿದಳೆಂದು ಅದು ತಿಳಿಸುತ್ತದೆ. ಗುರುವಿನ ಹೆಸರಿದೆ, ಊರಿನ ಹೆಸರಿದೆ, ಅವಧಿಯಿದೆ. ಆದರೆ ಬಂಡೆಯ ಮೇಲೆ ಕಳೆದ ಆ ಮೂರು ತಿಂಗಳುಗಳಲ್ಲಿ ಆಕೆಯ ಬಳಿ ಕುಳಿತವರ ಹೆಸರಿಲ್ಲ. ಮೂರು ತಿಂಗಳ ನೋಂಪಿ ಎಂದರೆ ಮೂರು ತಿಂಗಳ ಶುಶ್ರೂಷೆಯೂ ಹೌದು ಎಂಬುದನ್ನು ಓದುಗನೇ ಊಹಿಸಿಕೊಳ್ಳಬೇಕು.

ಕಾಲ ಕಳೆದಂತೆ ಶಾಸನಗಳು ಸ್ವಲ್ಪ ಹೆಚ್ಚು ಮಾತಾಡತೊಡಗುತ್ತವೆ. ಗಂಗ ದೊರೆ ಮಾರಸಿಂಹನು ರಾಜ್ಯವನ್ನು ತ್ಯಜಿಸಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ವ್ರತದಿಂದ ಮುಡಿಪಿದುದನ್ನು ಕೂಗೆ ಬ್ರಹ್ಮದೇವರ ಕಂಬದ ಶಾಸನ ಹೇಳುತ್ತದೆ. ಹೊಯ್ಸಳ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ಬಳಿಕ ಆಕೆಯ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಂನ್ಯಸನ ಸ್ವೀಕರಿಸಿದಳು. ಆ ಸಂದರ್ಭದಲ್ಲಿ ಪ್ರಭಾಚಂದ್ರ ಸಿದ್ಧಾಂತದೇವ, ವರ್ಧಮಾನದೇವ ಮತ್ತು ರವಿಚಂದ್ರದೇವ ಎಂಬ ಮೂವರು ಗುರುಗಳು ಸನ್ನಿಧಿಯಲ್ಲಿದ್ದರೆಂದು ಶಾಸನ ದಾಖಲಿಸುತ್ತದೆ. ಮಗಳನ್ನು ಕಳೆದುಕೊಂಡ ತಾಯಿಯ ಕೊನೆಯ ದಿನಗಳಲ್ಲಿ ಮೂವರು ಬಲ್ಲವರು ಜೊತೆಗಿದ್ದರೆಂಬುದನ್ನು ಕೇವಲ ಔಪಚಾರಿಕ ಸಾಕ್ಷ್ಯವೆಂದು ತಳ್ಳಿಹಾಕಲಾಗದು. ಗಂಗರಾಜನು ತನ್ನ ತಾಯಿ ಪೋಚಿಕಬ್ಬೆಗೂ ಪತ್ನಿ ಲಕ್ಷ್ಮೀಮತಿಗೂ ಒಂದೆರಡು ವರ್ಷಗಳ ಅಂತರದಲ್ಲಿ ನಿಸಿಧಿಗಳನ್ನು ಮಾಡಿಸಬೇಕಾಯಿತು. ನಿಸಿಧಿಯನ್ನು ಮಾಡಿಸಿದವರ ಹೆಸರು ಬರುವ ಇಂಥ ಶಾಸನಗಳಲ್ಲಿ ಮಾತ್ರ ಉಳಿದವರ ದುಃಖ, ಸಾಯುವವರ ಕೀರ್ತಿಯ ಮರೆಯಿಂದ ಒಂದಿಷ್ಟು ಇಣುಕುತ್ತದೆ.

ನಾಲ್ವತ್ತೆಂಟು ಮಂದಿ

ಕಲ್ಲು ಬಿಟ್ಟುದನ್ನು ಗ್ರಂಥ ತುಂಬುತ್ತದೆ. ಶಿವಾರ್ಯನ ಭಗವತೀ ಆರಾಧನಾ ಎರಡು ಸಾವಿರಕ್ಕೂ ಮಿಕ್ಕ ಗಾಹೆಗಳ ಪ್ರಾಚೀನ ಶೌರಸೇನೀ ಪ್ರಾಕೃತ ಕೃತಿ. ಯಾಪನೀಯ ಪರಂಪರೆಯೊಡನೆ ಇದರ ಸಂಬಂಧವನ್ನು ವಿದ್ವಾಂಸರು ಗುರುತಿಸಿದ್ದಾರೆ. ಆ ಪರಂಪರೆ ಕರ್ನಾಟಕದಲ್ಲಿಯೇ ಪ್ರಬಲವಾಗಿ ಬೆಳೆದುದು. ಈ ಗ್ರಂಥದಲ್ಲಿ ಸಲ್ಲೇಖನವನ್ನು ಕೈಕೊಂಡವನಿಗೆ ಕ್ಷಪಕನೆಂದೂ ಅವನನ್ನು ದಡ ಮುಟ್ಟಿಸುವವರಿಗೆ ನಿರ್ಯಾಪಕರೆಂದೂ ಹೆಸರು. ನಿರ್ಯಾಪಕ ಶಬ್ದದೊಡನೆ ನಾವೆಯನ್ನು ನಡೆಸುವವನ ಕಲ್ಪನೆ ಬೆಸೆದುಕೊಂಡಿದೆ. ಅಂಬಿಗನು ಪ್ರಯಾಣಿಕನ ಬದಲಿಗೆ ತಾನು ದಡ ಸೇರಲಾರ. ಆದರೆ ಅಂಬಿಗನಿಲ್ಲದೆ ನಾವೆ ಸಾಗದು.

ಉತ್ತಮ ಪಕ್ಷದಲ್ಲಿ ಒಬ್ಬ ಕ್ಷಪಕನಿಗೆ 48 ಮಂದಿ ನಿರ್ಯಾಪಕರು ಇರಬೇಕು. ನಾಲ್ಕು ನಾಲ್ಕು ಮಂದಿಯ ಹನ್ನೆರಡು ತಂಡಗಳಾಗಿ ಅವರ ಕೆಲಸವನ್ನು ಹಂಚಲಾಗಿದೆ. ನಾಲ್ವರು ಕ್ಷಪಕನನ್ನು ಎಬ್ಬಿಸುವ, ಕೂರಿಸುವ, ಮೈ ಒತ್ತುವ, ಮಗ್ಗುಲು ಬದಲಿಸುವ ಕೆಲಸಕ್ಕೆ. ನಾಲ್ವರು ಧರ್ಮಕಥೆಯನ್ನು ಹೇಳುವುದಕ್ಕೆ. ನಾಲ್ವರು ಅವನಿಗೆ ಯೋಗ್ಯವಾದ ಆಹಾರವನ್ನು, ಇನ್ನು ನಾಲ್ವರು ಪಾನವನ್ನು ತರುವುದಕ್ಕೆ. ತಂದುದನ್ನು ಕಾಯುವುದಕ್ಕೆ ಮತ್ತೆ ನಾಲ್ವರು. ನಾಲ್ವರು ಮಲಮೂತ್ರಗಳನ್ನು ತೆಗೆದು ಹಾಸಿಗೆ ಮತ್ತು ವಸತಿಯನ್ನು ಶುಚಿಗೊಳಿಸಲು. ನಾಲ್ವರು ಕ್ಷಪಕನಿರುವ ವಸತಿಯ ಬಾಗಿಲಲ್ಲಿ, ನಾಲ್ವರು ಹೊರಗಣ ಧರ್ಮಸಭೆಯ ಬಾಗಿಲಲ್ಲಿ. ನಾಲ್ವರು ರಾತ್ರಿ ನಿದ್ದೆಗೆಟ್ಟು ಎಚ್ಚರವಿರಲು. ನಾಲ್ವರು ಆ ದೇಶದ ಕ್ಷೇಮಸಮಾಚಾರವನ್ನು ಗಮನಿಸುತ್ತಿರಲು. ನಾಲ್ವರು ನೋಡಬಂದ ಜನರಿಗೆ ಹೊರಗೇ ಕಥೆ ಹೇಳಲು. ಕೊನೆಯ ನಾಲ್ವರು ವಾದಿಗಳು. ಹೊರಗಿನಿಂದ ಬಂದ ಆಕ್ಷೇಪಗಳಿಗೆ ಉತ್ತರ ಕೊಡುವವರು.

ಈ ಪಟ್ಟಿಯನ್ನು ನಿಧಾನವಾಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಶರೀರಸೇವೆ, ಆಹಾರ, ಶೌಚ, ಜಾಗರಣೆ ಇವು ಒಂದು ಪಾಲು. ಇನ್ನೊಂದು ಪಾಲು ಕ್ಷಪಕನ ದೇಹಕ್ಕೆ ಸಂಬಂಧಿಸಿದ್ದೇ ಅಲ್ಲ. ಬಾಗಿಲು ಕಾಯುವವರು, ಬಂದವರನ್ನು ಮಾತನಾಡಿಸುವವರು, ನಾಡಿನಲ್ಲಿ ಬರವೋ ದಂಗೆಯೋ ರಾಜಭಯವೋ ಇದೆಯೇ ಎಂದು ವಿಚಾರಿಸುತ್ತಿರುವವರು, ಆಡಿಕೊಳ್ಳುವವರಿಗೆ ಉತ್ತರಿಸುವವರು ಎಲ್ಲರೂ ಸಾಯುವವನ ಮತ್ತು ಸಮಾಜದ ನಡುವೆ ನಿಂತವರು. ಒಬ್ಬನ ಸಾವು ಸುತ್ತಲಿನ ಜನರ, ಅನ್ನದ, ಆಡಳಿತದ, ಅಪವಾದದ ಪ್ರಶ್ನೆಯೂ ಹೌದೆಂಬ ಅರಿವು ಆ ವ್ಯವಸ್ಥೆಯಲ್ಲಿ ಇತ್ತು. ಇಂದಿನ ಪರಿಭಾಷೆಯಲ್ಲಿ ಸಮಾಜಕಾರ್ಯವೆಂದು ಕರೆಯುವುದು ಹೆಚ್ಚುಕಡಿಮೆ ಇದನ್ನೇ.

ಇಷ್ಟು ಮಂದಿ ದೊರೆಯದಿದ್ದರೆ ಸಂಖ್ಯೆಯನ್ನು ನಾಲ್ಕು ನಾಲ್ಕರಂತೆ ಇಳಿಸಬಹುದು. ಅತ್ಯಂತ ಕಷ್ಟಕಾಲದಲ್ಲಿ ಇಬ್ಬರಾದರೂ ಇರಬೇಕು. ಒಬ್ಬನೇ ನಿರ್ಯಾಪಕನಿರುವುದನ್ನು ಗ್ರಂಥ ಒಪ್ಪುವುದಿಲ್ಲ. ಒಬ್ಬನೇ ಆದರೆ ಅವನು ತನ್ನ ಭಿಕ್ಷೆಗೆ ಹೋದಾಗ ಕ್ಷಪಕನು ಅನಾಥನಾಗುತ್ತಾನೆ; ಹೋಗದೆ ಉಳಿದರೆ ತಾನೇ ನಾಶವಾಗುತ್ತಾನೆ. ಎರಡರಿಂದಲೂ ಧರ್ಮಕ್ಕೆ ಅಪವಾದ. ಶುಶ್ರೂಷೆ ಮಾಡುವವನ ದಣಿವನ್ನು ಅವನ ನೈತಿಕ ದೌರ್ಬಲ್ಯವೆಂದು ಕಾಣದೆ ವ್ಯವಸ್ಥೆಯ ಲೋಪವೆಂದು ಕಂಡ ಈ ವಿವೇಕ ಗಮನಾರ್ಹವಾದುದು.

ವಸತಿಯನ್ನು ಆರಿಸುವುದರಲ್ಲಿಯೂ ಇದೇ ಎಚ್ಚರವಿದೆ. ಹಾಡು ಕುಣಿತಗಳ ಶಾಲೆ, ಆನೆ ಕುದುರೆಗಳ ಲಾಯ, ಗಾಣದ ಮನೆ, ಕುಂಬಾರ ಕಮ್ಮಾರರ ಕೇರಿ ಮುಂತಾದ ಗದ್ದಲದ ತಾಣಗಳ ಬಳಿ ಕ್ಷಪಕನನ್ನು ಇರಿಸಬಾರದು. ಆಹಾರತ್ಯಾಗಕ್ಕೆ ಮುನ್ನ ಬಗೆಬಗೆಯ ಆಹಾರವನ್ನು ಅವನಿಗೆ ತೋರಿಸಿ, ಆಸೆ ಉಳಿದಿದೆಯೇ ಎಂದು ಪರೀಕ್ಷಿಸುವ ಪ್ರಕಾಶನವೆಂಬ ವಿಧಿಯಿದೆ. ಕೊನೆಗಾಲದಲ್ಲಿ ಅವನ ಪ್ರಜ್ಞೆ ಮಸುಕಾದಾಗ ಆಚಾರ್ಯನು ಅವನ ಹೆಸರೇನು, ಅವನು ಎಲ್ಲಿದ್ದಾನೆ, ಈಗ ಯಾವ ಹೊತ್ತು, ತಾನು ಯಾರು ಎಂದು ಮೆಲ್ಲನೆ ಕೇಳಿ ಸ್ಮೃತಿಯನ್ನು ಪರೀಕ್ಷಿಸುತ್ತಾನೆ. ಇಂದು ವೈದ್ಯರು ವ್ಯಕ್ತಿ, ಸ್ಥಳ, ಕಾಲಗಳ ಅರಿವನ್ನು ಪರೀಕ್ಷಿಸಲು ಕೇಳುವ ಪ್ರಶ್ನೆಗಳೂ ಇವೇ. ಕ್ಷಪಕನು ನೋವಿನಿಂದ ಕಂಗೆಟ್ಟು ಒರಲಿದರೆ ಗದರಬಾರದು, ಅವನನ್ನು ತೊರೆಯಬಾರದು, ನುಣ್ಣನೆಯ ಮಾತಿನಿಂದ ಅವನನ್ನು ಸ್ಥಿರಗೊಳಿಸಬೇಕು ಎಂಬುದು ಅಲ್ಲಿನ ಕಟ್ಟಳೆ.

ಕವಚವಾಗಿ ಬಂದ ಕಥೆ

ಹೀಗೆ ಸ್ಥಿರಗೊಳಿಸುವ ಭಾಗಕ್ಕೆ ಭಗವತೀ ಆರಾಧನೆಯಲ್ಲಿ ಕವಚವೆಂದು ಹೆಸರು. ಹಿಂದೆ ಘೋರ ಉಪಸರ್ಗಗಳನ್ನು ಸಹಿಸಿದ ಮಹಾಪುರುಷರನ್ನು ಅಲ್ಲಿ ಒಂದೊಂದು ಗಾಹೆಯಲ್ಲಿ ಸ್ಮರಿಸಲಾಗಿದೆ. ಕನ್ನಡದ ಆದ್ಯ ಗದ್ಯಕಾವ್ಯಗಳಲ್ಲಿ ಅಗ್ರಗಣ್ಯವಾದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಇಂಥ ಗಾಹೆಗಳ ವಿಸ್ತರಣೆಯಾಗಿ ಬೆಳೆದವು. ಉಪಸರ್ಗ ಕೇವಲಿಗಳ ಕಥೆ ಎಂಬ ಅದರ ಇನ್ನೊಂದು ಹೆಸರೂ ಇದನ್ನೇ ಸೂಚಿಸುತ್ತದೆ. ಸುಕುಮಾರಸ್ವಾಮಿ, ಸುಕೌಶಳಸ್ವಾಮಿ, ಗಜಕುಮಾರ, ಸನತ್ಕುಮಾರ ಮುಂತಾದವರ ಕಥೆಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಭಾಷೆ, ನಿರೂಪಣೆ, ಭವಾವಳಿಗಳ ದೃಷ್ಟಿಯಿಂದ ಓದುವುದು ರೂಢಿ. ಆದರೆ ಅವುಗಳ ಮೂಲ ಸಂದರ್ಭ ಹಾಸಿಗೆಯ ಪಕ್ಕ. ಮೂಲ ಶ್ರೋತೃ ನೋವಿನಲ್ಲಿ ಮಲಗಿದವನು. ಕನ್ನಡ ಗದ್ಯದ ಮೊದಲ ದೊಡ್ಡ ಕೃತಿಯ ಬೇರು ಮರಣಶಯ್ಯೆಯ ಬಳಿಯ ಸಾಂತ್ವನದಲ್ಲಿದೆ ಎಂಬುದನ್ನು ನೆನಪಿಟ್ಟರೆ ಆ ಕಥೆಗಳ ನಿಧಾನಗತಿ, ಪುನರುಕ್ತಿ, ಕಣ್ಣಿಗೆ ಕಟ್ಟುವ ವಿವರಗಳಿಗೆ ಬೇರೊಂದು ಅರ್ಥ ಹೊಳೆಯುತ್ತದೆ.

ಅದೇ ಕೃತಿಯ ಭದ್ರಬಾಹು ಭಟಾರರ ಕಥೆ ಕಳ್ಬಪ್ಪಿಗೆ ಸಂಬಂಧಿಸಿದುದು. ಸಂಘವೆಲ್ಲ ಮುಂದೆ ಸಾಗಿದ ಮೇಲೆ ಗುರುವಿನ ಕೊನೆಗಾಲದಲ್ಲಿ ಚಂದ್ರಗುಪ್ತ ಮುನಿಯೊಬ್ಬನೇ ಉಳಿಯುತ್ತಾನೆ. ಈ ಕಥೆಯ ಚಾರಿತ್ರಿಕತೆ ಚರ್ಚಾಸ್ಪದವಾದರೂ ಅದರ ಒಳಗಿನ ಇಕ್ಕಟ್ಟು ನಿಜವಾದುದು. ಒಬ್ಬನೇ ನಿರ್ಯಾಪಕನಿರಬಾರದೆಂಬ ನಿಯಮಕ್ಕೆ ಇದು ವಿರುದ್ಧ. ಹಾಗಾಗಿಯೇ ಕಥೆ ಆ ಸೇವಕನ ಊಟದ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಗುರುವೇ ಅವನನ್ನು ಭಿಕ್ಷೆಗೆ ಹೋಗೆಂದು ಒತ್ತಾಯಿಸುತ್ತಾನೆ; ಮನುಷ್ಯರಿಲ್ಲದ ಕಾಡಿನಲ್ಲಿ ವನದೇವತೆಗಳು ಅವನಿಗೆ ಅನ್ನವಿಕ್ಕಬೇಕಾಗುತ್ತದೆ. ಶುಶ್ರೂಷಕನಿಗೆ ಉಣಿಸುವವರು ಯಾರು ಎಂಬ ಪ್ರಶ್ನೆಗೆ ಆ ಕಾಡಿನಲ್ಲಿ ಪವಾಡವಲ್ಲದೆ ಬೇರೆ ಉತ್ತರವಿರಲಿಲ್ಲ.

ರೋಗಿಯ ಸೇವೆಗೆ ಜೈನ ಶಾಸ್ತ್ರದಲ್ಲಿ ವೈಯಾವೃತ್ಯವೆಂದು ಹೆಸರು. ಆರು ಅಂತರಂಗ ತಪಸ್ಸುಗಳಲ್ಲಿ ಅದೂ ಒಂದು. ಉಪವಾಸ ಬಹಿರಂಗ ತಪಸ್ಸಾದರೆ, ಇನ್ನೊಬ್ಬರ ಹಾಸಿಗೆಯನ್ನು ಶುಚಿಗೊಳಿಸುವುದು ಅಂತರಂಗ ತಪಸ್ಸು. ಈ ವರ್ಗೀಕರಣವೇ ಒಂದು ಮೌಲ್ಯನಿರ್ಣಯ. ಕುಷ್ಠರೋಗಿಯ ವೇಷದಲ್ಲಿ ಬಂದ ಮುನಿ ವಾಂತಿ ಮಾಡಿಕೊಂಡರೂ ಅಸಹ್ಯಪಡದೆ ಪತ್ನಿ ಪ್ರಭಾವತಿಯೊಡನೆ ಸೇವೆಗೈದ ಉದ್ದಾಯನ ರಾಜನನ್ನು ಸಮಂತಭದ್ರರು ನಿರ್ವಿಚಿಕಿತ್ಸೆಗೆ ಮಾದರಿಯಾಗಿ ಹೆಸರಿಸಿದ್ದಾರೆ. ಸಮ್ಯಕ್ತ್ವದ ಅಂಗಗಳನ್ನು ಕಥೆಗಳ ಮೂಲಕ ವಿವರಿಸಿದ ನಯಸೇನನ ಧರ್ಮಾಮೃತ (1112) ಇಂಥ ಆದರ್ಶಗಳನ್ನು ಸಾಮಾನ್ಯ ಶ್ರಾವಕನ ಮನೆಯಂಗಳಕ್ಕೆ ತಂದಿತು.

ಒಪ್ಪಿಗೆ ಕೊಡದ ಗುರು

ನಿರ್ಯಾಪಕನ ಇನ್ನೊಂದು ಹೊಣೆ ಬೇಡವೆನ್ನುವುದು. ರತ್ನಕರಂಡಕ ಶ್ರಾವಕಾಚಾರದ ಪ್ರಕಾರ ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಒದಗಿದಾಗ ಮಾತ್ರ ಸಲ್ಲೇಖನಕ್ಕೆ ಅವಕಾಶ. ಬದುಕುವ ಆಸೆಯಂತೆಯೇ ಬೇಗ ಸಾಯಬೇಕೆಂಬ ಆಸೆಯನ್ನೂ ಅತಿಚಾರವೆಂದೇ ತತ್ತ್ವಾರ್ಥಸೂತ್ರ ಎಣಿಸುತ್ತದೆ. ದೇವಚಂದ್ರನ ರಾಜಾವಳೀ ಕಥೆಯಲ್ಲಿ ಸ್ವತಃ ಸಮಂತಭದ್ರರ ಪ್ರಸಂಗವೊಂದಿದೆ. ಭಸ್ಮಕ ರೋಗದಿಂದ ಪೀಡಿತರಾದ ಅವರು ಗುರುವಿನ ಬಳಿ ಸಲ್ಲೇಖನಕ್ಕೆ ಅನುಮತಿ ಬೇಡುತ್ತಾರೆ. ಅವರಿಂದ ಮುಂದೆ ಆಗಬೇಕಾದ ಕಾರ್ಯವಿದೆಯೆಂದು ತಿಳಿದ ಗುರು ನಿರಾಕರಿಸಿ ರೋಗಶಮನದ ದಾರಿ ಹುಡುಕಲು ಹೇಳುತ್ತಾರೆ. ಸಾಯಲು ಬಯಸುವವನ ಮಾತನ್ನು ಆಲಿಸಿ, ಅದರ ಹಿಂದಿರುವ ನೋವು ಪರಿಹಾರ್ಯವೇ ಎಂದು ವಿಚಾರಿಸುವುದು ಜೊತೆಗಿರುವವನ ಕರ್ತವ್ಯವೆಂಬ ತಿಳಿವಳಿಕೆ ಇಲ್ಲಿದೆ.

ಆಧುನಿಕ ನ್ಯಾಯಾಲಯಗಳ ಮುಂದೆಯೂ ಈ ಪ್ರಶ್ನೆ ಬಂದಿತು. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ಸಂಥಾರಾವನ್ನು ಆತ್ಮಹತ್ಯೆಗೆ ಸಮನೆಂದು ತೀರ್ಪಿತ್ತಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಆ ಚರ್ಚೆ ವ್ರತದ ಸುತ್ತಲೇ ಸುತ್ತಿತು. ವ್ರತಿಯ ಸುತ್ತ ಇರಬೇಕಾದ ಜನರ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ಸಲ್ಲೇಖನ ಧಾರ್ಮಿಕ ವ್ರತ, ಹಾಸ್ಪಿಸ್ ವೈದ್ಯಕೀಯ ಆರೈಕೆ. ಇವೆರಡೂ ಒಂದೇ ಅಲ್ಲ. ಒಂದು ಆಹಾರವನ್ನು ತ್ಯಜಿಸುವ ನಿರ್ಧಾರದಿಂದ ಆರಂಭವಾಗುತ್ತದೆ, ಇನ್ನೊಂದು ನೋವನ್ನು ತಗ್ಗಿಸುವ ಔಷಧದಿಂದ. ಹೋಲಿಕೆ ಇರುವುದು ಸಾಯುವವರಲ್ಲಿ ಅಲ್ಲ, ಜೊತೆಗಿರುವವರಲ್ಲಿ.

ಹಾಸ್ಪಿಸ್‌ನ ಹುಟ್ಟು ಮತ್ತು ಸಮಾಜಕಾರ್ಯ

ಆಧುನಿಕ ಹಾಸ್ಪಿಸ್‌ನ ಚರಿತ್ರೆಯಲ್ಲಿ ಸಮಾಜಕಾರ್ಯಕರ್ತೆಯ ಪಾತ್ರ ಅನುಷಂಗಿಕವಲ್ಲ, ಮೂಲಭೂತವಾದುದು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳ ಮನೆಯ ಸ್ಥಿತಿಗತಿಯನ್ನು ವಿಚಾರಿಸುವ ಆಲ್ಮನರ್ ಎಂಬ ಹುದ್ದೆ 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಮೇರಿ ಸ್ಟೂವರ್ಟ್ ಅವರ ನೇಮಕದೊಂದಿಗೆ ಆರಂಭವಾಯಿತು. ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿದ್ದು, ಬೆನ್ನುನೋವಿನಿಂದ ಆ ಕೆಲಸವನ್ನು ಬಿಡಬೇಕಾಗಿ ಬಂದಾಗ ಆಲ್ಮನರ್ ಆದರು. ಆ ಹುದ್ದೆಯಲ್ಲಿದ್ದಾಗಲೇ ವಾರ್ಸಾದಿಂದ ಬಂದು ಲಂಡನ್ನಿನಲ್ಲಿ ಬಂಧುಗಳಿಲ್ಲದೆ ಕ್ಯಾನ್ಸರಿನಿಂದ ಸಾಯುತ್ತಿದ್ದ ಡೇವಿಡ್ ಟಾಸ್ಮಾ ಅವರ ಪರಿಚಯವಾದುದು. 1948ರಲ್ಲಿ ತೀರಿಕೊಂಡ ಆತ, ಸಾಂಡರ್ಸ್ ಮುಂದೆ ಕಟ್ಟಬಹುದಾದ ಮನೆಯಲ್ಲಿ ಒಂದು ಕಿಟಕಿಯಾಗಲಿ ಎಂದು 500 ಪೌಂಡುಗಳನ್ನು ಬಿಟ್ಟುಹೋದರು. ತರುವಾಯ ವೈದ್ಯಶಿಕ್ಷಣ ಪಡೆದು ಸಾಂಡರ್ಸ್ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಅನ್ನು ತೆರೆದರು. ನೋವು ದೈಹಿಕ ಮಾತ್ರವಲ್ಲ; ಮಾನಸಿಕ, ಸಾಮಾಜಿಕ, ಆಧ್ಯಾತ್ಮಿಕ ಮುಖಗಳೂ ಸೇರಿದ ಸಮಗ್ರ ವೇದನೆ ಎಂಬ ಅವರ ಪರಿಕಲ್ಪನೆ ದಾದಿ, ಸಮಾಜಕಾರ್ಯಕರ್ತೆ, ವೈದ್ಯೆ ಎಂಬ ಮೂರು ಅನುಭವಗಳಿಂದ ಒಡಮೂಡಿದುದು.

ಭಾರತದಲ್ಲಿ ಸಮಾಜಕಾರ್ಯದ ಶಿಕ್ಷಣ 1936ರಲ್ಲಿ ಮುಂಬಯಿಯ ದೊರಾಬ್ಜಿ ಟಾಟಾ ಶಾಲೆಯಿಂದ ಆರಂಭವಾಗಿ, 1946ರಲ್ಲಿ ಅಲ್ಲಿನ ಜೆ.ಜೆ. ಆಸ್ಪತ್ರೆಗೆ ವೈದ್ಯಕೀಯ ಸಮಾಜಕಾರ್ಯಕರ್ತರ ನೇಮಕವಾಯಿತು. ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಿಂದ ಈ ಶಿಕ್ಷಣವನ್ನು ನೀಡುತ್ತಿದೆ. ದೇಶದ ಮೊದಲ ಹಾಸ್ಪಿಸ್ ಶಾಂತಿ ಅವೇದನಾ ಸದನ 1986ರಲ್ಲಿ ಮುಂಬಯಿಯಲ್ಲಿ ತೆರೆಯಿತು. ಬೆಂಗಳೂರಿನಲ್ಲಿ ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ ಸೇರಿ 1994ರಲ್ಲಿ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಸ್ಥಾಪಿಸಿದವು. ಮೊದಲು ಮನೆಗಳಿಗೇ ಹೋಗಿ ಆರೈಕೆ ನೀಡಿದ ಆ ಸಂಸ್ಥೆ 1999ರಲ್ಲಿ ಕರುಣಾಶ್ರಯವೆಂಬ ನಿಲಯವನ್ನು ತೆರೆಯಿತು. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಶುಲ್ಕವಿಲ್ಲ. ನೆರೆಯ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ ಚಳವಳಿ ನೆರೆಹೊರೆಯ ಸ್ವಯಂಸೇವಕರ ಜಾಲವಾಗಿ ಹಬ್ಬಿತು. 2008ರಲ್ಲಿ ಆ ರಾಜ್ಯ ಉಪಶಮನ ಆರೈಕೆಯ ನೀತಿಯನ್ನೇ ರೂಪಿಸಿ ಗ್ರಾಮಪಂಚಾಯಿತಿಗಳನ್ನು ಅದರಲ್ಲಿ ತೊಡಗಿಸಿತು. ಕಾಸರಗೋಡಿನ ಕನ್ನಡದ ಹಳ್ಳಿಗಳೂ ಈ ವ್ಯವಸ್ಥೆಯ ಒಳಗೇ ಇವೆ.

ಔಷಧದ ಚರಿತ್ರೆಯೂ ಇದರೊಡನೆ ಹೆಣೆದುಕೊಂಡಿದೆ. 1985ರ ಮಾದಕ ವಸ್ತುಗಳ ಕಾಯಿದೆಯ ಬಿಗಿಯಿಂದ ಮಾರ್ಫಿನ್ ರೋಗಿಗಳಿಗೆ ದುರ್ಲಭವಾಗಿ, 2014ರ ತಿದ್ದುಪಡಿಯಿಂದ ಮಾತ್ರ ದಾರಿ ಸ್ವಲ್ಪ ಸುಗಮವಾಯಿತು. ಘನತೆಯಿಂದ ಸಾಯುವ ಹಕ್ಕನ್ನು 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದು, 2023ರಲ್ಲಿ ಅದರ ವಿಧಿಗಳನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ಚೇತರಿಕೆಯ ಭರವಸೆಯಿಲ್ಲದ ರೋಗಿಗೆ ಜೀವರಕ್ಷಕ ಯಂತ್ರಗಳನ್ನು ಮುಂದುವರಿಸಬೇಕೇ ಎಂಬುದನ್ನು ವೈದ್ಯರ ಎರಡು ಮಂಡಳಿಗಳು ಪರಿಶೀಲಿಸಬೇಕು; ಕುಟುಂಬದ ಸಮ್ಮತಿ ಬೇಕು. ಆ ಸಮ್ಮತಿಯ ಕಾಗದಕ್ಕೆ ಸಹಿ ಹಾಕುವ ಮಗನಿಗೆ ಅದರ ಅರ್ಥವನ್ನು ಅವನ ಮಾತಿನಲ್ಲಿ ವಿವರಿಸಿ, ಸಹಿಯ ನಂತರವೂ ಅವನ ಜೊತೆ ಕೂರುವ ಒಬ್ಬರು ಬೇಕೆಂಬುದನ್ನು ಆದೇಶವೊಂದೇ ಪೂರೈಸಲಾರದು.

ಕೆರಗೋಡಿನ ಜಗುಲಿಯಲ್ಲಿ

ಮಂಡ್ಯ ಸೀಮೆಯ ಹಳ್ಳಿಯೊಂದರಲ್ಲಿ ಕ್ಯಾನ್ಸರ್ ಕಾಣಿಸಿಕೊಂಡರೆ ದಾರಿ ಸಾಮಾನ್ಯವಾಗಿ ಮಂಡ್ಯದ ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಮೈಸೂರು ಅಥವಾ ಬೆಂಗಳೂರಿನ ಕಿದ್ವಾಯಿ. ಚಿಕಿತ್ಸೆ ಫಲಿಸದೆ ಮನೆಗೆ ಕರೆದೊಯ್ಯಿರಿ ಎಂಬ ಮಾತು ಬಂದಾಗ ಆ ದಾರಿ ಮತ್ತೆ ಹಳ್ಳಿಗೇ ಹಿಂದಿರುಗುತ್ತದೆ. ಅಲ್ಲಿಂದಾಚೆಗೆ ರೋಗಿಯ ನಿರ್ಯಾಪಕರು ಮನೆಯವರೇ. ಬಹುಮಟ್ಟಿಗೆ ಹೆಂಡತಿ, ಸೊಸೆ ಅಥವಾ ಮಗಳು. 48 ಮಂದಿಯ ಕೆಲಸವನ್ನು ಒಬ್ಬಳೇ ಹೆಣ್ಣುಮಗಳು ಹೊರುತ್ತಾಳೆ. ಕೊಟ್ಟಿಗೆಯ ಕೆಲಸ, ಗದ್ದೆಯ ಕೂಲಿ, ಮಕ್ಕಳ ಶಾಲೆಗಳ ನಡುವೆ ಗಾಯ ತೊಳೆಯುವುದು, ನುಂಗಲಾಗದವರಿಗೆ ಗಂಜಿ ಕುಡಿಸುವುದು, ರಾತ್ರಿಯ ನರಳಾಟಕ್ಕೆ ಎದ್ದು ಕೂರುವುದು. ಗ್ರಂಥ ಬೇಡವೆಂದ ಏಕನಿರ್ಯಾಪಕತ್ವ ಇಂದಿನ ಹಳ್ಳಿಯ ವಾಸ್ತವ.

ತರಬೇತಿ ಪಡೆದ ಸಮಾಜಕಾರ್ಯಕರ್ತರು ಮಾಡುವ ಕೆಲಸ ಇಲ್ಲಿ ಅರ್ಥ ಪಡೆಯುತ್ತದೆ. ಅವರು ಮೊದಲು ವಿಚಾರಿಸುವುದು ರೋಗವನ್ನಲ್ಲ, ಮನೆಯನ್ನು. ದುಡಿಯುವವರು ಯಾರು, ಸಾಲ ಎಲ್ಲಿದೆ, ಪಡಿತರ ಚೀಟಿಯಲ್ಲಿ ಯಾರ ಹೆಸರಿದೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡು ಇದೆಯೇ, ಸಂಧ್ಯಾ ಸುರಕ್ಷಾ ವೇತನ ನಿಂತಿದೆಯೇ, ಜಮೀನಿನ ಖಾತೆ ಇನ್ನೂ ರೋಗಿಯ ಹೆಸರಿನಲ್ಲೇ ಇದೆಯೇ ಎಂಬ ವಿವರಗಳು. ನಾಡಿನ ಕ್ಷೇಮಸಮಾಚಾರವನ್ನು ಗಮನಿಸಬೇಕಾಗಿದ್ದ ಆ ನಾಲ್ವರ ಹೊಣೆ ಇಂದು ತಾಲ್ಲೂಕು ಕಚೇರಿಯ ಅರ್ಜಿಗಳ ರೂಪ ತಾಳಿದೆ. ಸತ್ತ ಮೇಲೆ ವಿಧವಾ ವೇತನಕ್ಕೆ ಬೇಕಾಗುವ ದಾಖಲೆಗಳನ್ನು ಬದುಕಿರುವಾಗಲೇ ಸಿದ್ಧಪಡಿಸುವುದು ಕಠೋರವೆನಿಸಿದರೂ ಕರುಣೆಯ ಕೆಲಸವೇ.

ಎರಡನೆಯದು ಸತ್ಯವನ್ನು ಹೇಳುವ ಕೆಲಸ. ರೋಗಿಗೆ ರೋಗದ ಹೆಸರು ಹೇಳಬೇಡಿರೆಂದು ಮನೆಯವರು, ಮನೆಯವರಿಗೆ ತನಗೆ ತಿಳಿದಿದೆಯೆಂದು ಹೇಳಬೇಡಿರೆಂದು ರೋಗಿ, ಹೀಗೆ ಇಬ್ಬರೂ ಒಂದೇ ಗುಟ್ಟನ್ನು ಎರಡು ಕಡೆಯಿಂದ ಕಾಯುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಈ ಗೋಡೆಯನ್ನು ಒಡೆಯದೆ, ಅದರಲ್ಲೊಂದು ಬಾಗಿಲು ತೆರೆಯುವುದೇ ಸಮಾಜಕಾರ್ಯಕರ್ತರ ಜಾಣ್ಮೆ. ಮೂರನೆಯದು ಬಾಗಿಲು ಕಾಯುವುದು. ಕ್ಯಾನ್ಸರ್ ಅಂಟುತ್ತದೆಂಬ ತಪ್ಪು ತಿಳಿವಳಿಕೆಯಿಂದ ನೆರೆಯವರು ದೂರ ಸರಿದಾಗ, ಪಾಪದ ಫಲವೆಂದು ಆಡಿಕೊಂಡಾಗ ಉತ್ತರ ಕೊಡುವವರು ಬೇಕು. ವಾದಿಗಳಾದ ಆ ಕೊನೆಯ ನಾಲ್ವರ ಸ್ಥಾನ ಇದು.

ನಾಲ್ಕನೆಯ ಕೆಲಸದಲ್ಲಿ ಎರಡು ಪರಂಪರೆಗಳು ಬೇರೆಯಾಗುತ್ತವೆ. ಭಗವತೀ ಆರಾಧನೆಯ ಪ್ರಕಾರ ಸಲ್ಲೇಖನ ಬಯಸುವ ಆಚಾರ್ಯನು ತನ್ನ ಗಣವನ್ನು ತೊರೆದು ಪರಗಣಕ್ಕೆ ಹೋಗಬೇಕು. ತನ್ನ ಶಿಷ್ಯರ ಕಣ್ಣೀರಿನ ನಡುವೆ ಮೋಹ ಹರಿಯದು, ಆದುದರಿಂದ ಅಪರಿಚಿತರ ನಡುವೆ ಸಾಯುವುದು ಲೇಸು. ಬಂಧುಪ್ರೀತಿಯ ಸ್ಮರಣೆ ಅಲ್ಲಿ ಅತಿಚಾರ. ಹಾಸ್ಪಿಸ್‌ನ ನಿಲುವು ಇದಕ್ಕೆ ವಿರುದ್ಧ. ಅಲ್ಲಿ ರೋಗಿ ಮತ್ತು ಕುಟುಂಬ ಸೇರಿ ಒಂದೇ ಘಟಕ. ಮಗನೊಡನೆ ಬಿಟ್ಟಿದ್ದ ಮಾತನ್ನು ಮತ್ತೆ ಆಡುವುದು, ಮದುವೆಯಾಗಿ ಹೋದ ಮಗಳನ್ನು ಕರೆಸುವುದು ಆರೈಕೆಯ ಭಾಗ. ಒಂದು ಬಂಧನವನ್ನು ಬಿಡಿಸಿ ಬೀಳ್ಕೊಡುತ್ತದೆ, ಇನ್ನೊಂದು ಬಂಧನವನ್ನು ಸರಿಪಡಿಸಿ ಬೀಳ್ಕೊಡುತ್ತದೆ. ಮುನಿಗೆ ಹೊಂದುವುದು ಸಂಸಾರಿಗೆ ಹೊಂದಬೇಕೆಂದಿಲ್ಲ. ಮಗಳ ಸಾವಿನ ನಂತರ ಬೆಳಗೊಳಕ್ಕೆ ಬಂದ ಮಾಚಿಕಬ್ಬೆಯ ಶಾಸನ ಈ ಎರಡರ ನಡುವಿನ ಗಡಿ ಅಂದೂ ಅಷ್ಟು ಸ್ಪಷ್ಟವಾಗಿರಲಿಲ್ಲವೆಂಬುದನ್ನು ಸೂಚಿಸುತ್ತದೆ.

ಕೊನೆಯದು ಸಾವಿನ ನಂತರದ ಕೆಲಸ. ಕ್ಷಪಕನ ಮರಣದೊಂದಿಗೆ ನಿರ್ಯಾಪಕರ ಶುಶ್ರೂಷೆ ಮುಗಿಯುತ್ತಿತ್ತು. ಉಳಿದವರ ಪಾಲಿಗೆ ನಿಸಿಧಿಗಲ್ಲು ನೆನಪಿನ ನೆಲೆಯಾಗುತ್ತಿತ್ತು. ಗಂಗರಾಜನಿಗೆ ಕಲ್ಲು ನಿಲ್ಲಿಸುವ ಶಕ್ತಿಯಿತ್ತು. ಅದಿಲ್ಲದ ಮನೆಗೆ ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮತ್ತೊಮ್ಮೆ ಬಂದು, ಕಾಫಿ ಕುಡಿದು, ಕೊನೆಯ ರಾತ್ರಿಯ ಕಥೆಯನ್ನು ಹೇಳಿಸಿಕೊಳ್ಳುವವರೇ ಅವರ ಪಾಲಿನ ನಿಸಿಧಿ. ಅಲ್ಲಿ ಕಥೆ ಹೇಳುವ ಸರದಿ ಬದಲಾಗಿರುತ್ತದೆ. ಮೊದಲು ನಿರ್ಯಾಪಕ ಹೇಳಿ ಕ್ಷಪಕ ಕೇಳುತ್ತಿದ್ದ. ಈಗ ಉಳಿದವಳು ಹೇಳಬೇಕು, ಬಂದವರು ಕೇಳಬೇಕು.

ಇಂಥ ಕಾರ್ಯಕರ್ತರು ನಗರಗಳ ಸುತ್ತಲೇ ಹೆಚ್ಚಾಗಿರುವುದರಿಂದ ಹಳ್ಳಿಗಳಲ್ಲಿ ಈ ಭಾರದ ಅಲ್ಪಸ್ವಲ್ಪ ಪಾಲು ಆಶಾ ಕಾರ್ಯಕರ್ತೆಯರ ಹೆಗಲಿಗೆ ಬೀಳುತ್ತದೆ. ಬಾಣಂತಿಯರ ಮತ್ತು ಕೂಸುಗಳ ಲೆಕ್ಕಕ್ಕೆಂದು ನೇಮಕವಾದವರು ಸಾಯುವವರ ಮನೆಯ ಬಾಗಿಲನ್ನೂ ತಟ್ಟುತ್ತಾರೆ. ಅವರ ಹೆಸರುಗಳನ್ನು ಬರೆದಿಡುವ ಶಾಸನಗಳಿಲ್ಲ. ನಾಗಮತಿ ಗಂತಿಯರ ಮೂರು ತಿಂಗಳುಗಳಲ್ಲಿ ನೀರು ಹೊತ್ತವರ ಹೆಸರೂ ಉಳಿಯಲಿಲ್ಲ. ಆದರೆ ಒಬ್ಬರನ್ನು ದಡ ಮುಟ್ಟಿಸಲು ಕನಿಷ್ಠ ಇಬ್ಬರಾದರೂ ಬೇಕೆಂಬ ಲೆಕ್ಕವನ್ನು ಹಳೆಯ ಗ್ರಂಥ ಬಿಟ್ಟುಹೋಗಿದೆ. ಇಂದು ಹಳ್ಳಿಯ ಮನೆಗಳಲ್ಲಿ ಒಬ್ಬಳು ಇದ್ದೇ ಇರುತ್ತಾಳೆ. ಎರಡನೆಯವರನ್ನು ಒದಗಿಸುವುದು ಸಮಾಜದ ಪಾಲಿನ ವೈಯಾವೃತ್ಯ.